ನೆರಳಿನ ಬಾಲ್ಕನಿಯ ಕುಂಡದ ಗಿಡ ಸೊರಗಿದರೆ: ಕಲಬುರಗಿ ಸೀಮೆಗೊಂದು ದೋಷ ನಿವಾರಣೆ ಕೈಪಿಡಿ

ಕಲಬುರಗಿಯಲ್ಲಿ ನಮ್ಮ ಮನೆ ಮೊದಲ ಮಹಡಿಯಲ್ಲಿದೆ. ಬಾಲ್ಕನಿ ಉತ್ತರಕ್ಕೆ, ಎದುರಿಗೇ ಇನ್ನೊಂದು ಕಟ್ಟಡ. ಚಳಿಗಾಲದಲ್ಲಿ ಒಂದು ಗೇಣು ಬಿಸಿಲೂ ಒಳಗೆ ಬರುವುದಿಲ್ಲ. ಆದರೂ ಅಲ್ಲಿ ಈಗ 20ಕ್ಕೂ ಹೆಚ್ಚು ಕುಂಡಗಳಿವೆ. ಅಷ್ಟೇ ಗಿಡಗಳನ್ನು ಅದಕ್ಕೂ ಮೊದಲು ಕಳೆದುಕೊಂಡಿದ್ದೇನೆ. ಹೋದ ಗಿಡದ ಕುಂಡವನ್ನು ಪ್ರತಿ ಸಲ ಬೋರಲು ಹಾಕಿ, ಬೇರು ಬಿಡಿಸಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೆರಳಿಗೆ ಗಿಡ ಸಾಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಬೋರಲು ಹಾಕಿದ ಕುಂಡಗಳಲ್ಲಿ ಮುಕ್ಕಾಲು ಪಾಲು ಸತ್ತದ್ದು ನೀರಿನಿಂದ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟಿದಾಗ ನಮಗೇ ಗಂಟಲು ಒಣಗುತ್ತದೆ. ಗಿಡಕ್ಕೂ ಹಾಗೇ ಆಗಿರಬೇಕು ಎಂದು ತಂಬಿಗೆ ತಂಬಿಗೆ ಸುರಿಯುತ್ತೇವೆ. ಮಾಳಿಗೆ ಮೇಲಿನ ಕುಂಡಕ್ಕೆ ಅದು ಸರಿ. ನೆರಳಿನ ಕುಂಡ ಅಷ್ಟು ಬೇಗ ಒಣಗುವುದಿಲ್ಲ. ಮೇಲಾಗಿ ಹಾಕುವ ನೀರೂ ಬೋರಿನದು, ಸುಣ್ಣ ತುಂಬಿದ್ದು.

ಎಲ್ಲಕ್ಕೂ ಮೊದಲು: ಬೆರಳು, ತೂಕ, ನೆರಳು

ಲಕ್ಷಣ ಯಾವುದೇ ಇರಲಿ, ಈ ಮೂರನ್ನು ನೋಡದೆ ಔಷಧಿ ತರಲು ಹೋಗಬೇಡಿ. ಐದು ನಿಮಿಷದ ಕೆಲಸ, ಖರ್ಚಿಲ್ಲ.

ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗೆ ಇಳಿಸಿ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ, ಒಳಗಿನ ಮಣ್ಣು ಬೆರಳಿಗೆ ಅಂಟಿದರೆ ಇವತ್ತು ನೀರು ಬೇಡ. ಆಮೇಲೆ ಕುಂಡವನ್ನು ಎರಡೂ ಕೈಯಿಂದ ತುಸು ಎತ್ತಿ. ನೀರು ಹಾಕಿದ ದಿನ ಎಷ್ಟು ಭಾರ, ಒಣಗಿದಾಗ ಎಷ್ಟು ಹಗುರ ಎಂಬುದು ನಾಲ್ಕಾರು ಸಲ ಎತ್ತಿದರೆ ಕೈಗೇ ಗೊತ್ತಾಗುತ್ತದೆ.

ಮೂರನೆಯದು ಬೆಳಕು. ಮಧ್ಯಾಹ್ನ 12ರ ಸುಮಾರಿಗೆ ಕುಂಡದ ಪಕ್ಕ ಒಂದು ಬಿಳಿ ಹಾಳೆ ಇಟ್ಟು, ಅದರ ಒಂದು ಅಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಬೆಳಕು ಚೆನ್ನಾಗಿದೆ. ಅಂಗೈಯ ಮಸುಕು ಆಕಾರ ಮಾತ್ರ ಕಂಡರೆ ನಡುಮಟ್ಟ. ನೆರಳೇ ಬೀಳದಿದ್ದರೆ ಅದು ನಿಜವಾದ ಕತ್ತಲ ಮೂಲೆ.

ಈ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ಮಾಡಿ, ಡಿಸೆಂಬರಿನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ. ಕಲಬುರಗಿ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ 17 ಡಿಗ್ರಿ ದಾಟಿ. ಹಾಗಾಗಿ ಮೇ ಎರಡನೇ ವಾರದಿಂದ ಆಗಸ್ಟ್ ಶುರುವಿನ ತನಕ ನಡುಹಗಲಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಯುಗಾದಿಯ ಹೊತ್ತಿನಿಂದಲೇ ಮುಂಜಾನೆ, ಸಂಜೆ ಉತ್ತರದ ಬಾಲ್ಕನಿಗೆ ಓರೆ ಬಿಸಿಲು ಬೀಳತೊಡಗುತ್ತದೆ. ದಕ್ಷಿಣದ ಬಾಲ್ಕನಿಗೆ ಇದು ಉಲ್ಟಾ: ಚಳಿಗಾಲದಲ್ಲಿ ಬಿಸಿಲು, ಮೇ ತಿಂಗಳಲ್ಲಿ ನೆರಳು. ಚಳಿಗಾಲ ಪೂರ್ತಿ ನೆಮ್ಮದಿಯಾಗಿದ್ದ ಗಿಡ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಸುಡುವುದು ಇದರಿಂದಲೇ.

ಕೆಳಗಿನ ಎಲೆ ಹಳದಿ, ಮಣ್ಣು ಮಾತ್ರ ಹಸಿ

ನಾನು ಅತಿ ಹೆಚ್ಚು ಕಂಡದ್ದು ಇದನ್ನೇ. ಎದುರು ಮನೆಯ ಅಕ್ಕ ಒಂದು ದಿನ ಕರೆದು ತಮ್ಮ ಮನಿ ಪ್ಲಾಂಟ್ ತೋರಿಸಿದರು. "ಬಿಸಲು ಭಾಳ ಅದ ತಮ್ಮಾ, ಅದಕ ದಿನಾ ಎರಡ ಸಲ ನೀರು ಹಾಕಲತ್ತೀನಿ. ಆದ್ರೂ ಎಲಿ ಹಳದಿ ಆಗಲತ್ತಾವ" ಅಂದರು. ಕುಂಡ ಎತ್ತಲು ಹೋದೆ, ಕಲ್ಲಿನಂತೆ ಭಾರ. ಬೋರಲು ಹಾಕಿದಾಗ ತಳದಿಂದ ಮೊದಲು ಬಂದದ್ದು ವಾಸನೆ, ಗಟಾರದ ಕೆಸರಿನಂಥದ್ದು. ತಳದ ತೂತಿಗೆ ಎರೆ ಮಣ್ಣು, ಅಂದರೆ ಹೊಲದ ಕಪ್ಪು ಜಿಗುಟು ಮಣ್ಣು, ಮೇಣದಂತೆ ಮೆತ್ತಿಕೊಂಡಿತ್ತು. ಬೇರು ಹಿಡಿದು ಮೆಲ್ಲಗೆ ಎಳೆದರೆ ಹೊರಗಿನ ಸಿಪ್ಪೆ ಕಳಚಿ ಕೈಗೆ ಬಂತು, ಒಳಗೆ ದಾರದಂಥ ಎಳೆ ಉಳಿಯಿತು. ಅದು ಕೊಳೆತ ಬೇರು. ಆರೋಗ್ಯದ ಬೇರು ಬೆಳ್ಳಗೆ ಅಥವಾ ತಿಳಿಗಂದು ಬಣ್ಣಕ್ಕಿರುತ್ತದೆ, ಎಳೆದರೆ ಬಿಗಿಯಾಗಿರುತ್ತದೆ.

ಕ್ರಮ ಹೀಗೆ. ಮೊದಲು ನೀರು ನಿಲ್ಲಿಸಿ, ಬೆರಳಿಗೆ ಒಣಗು ಸಿಗುವ ತನಕ. ಕುಂಡದ ಕೆಳಗಿನ ತಟ್ಟೆ ತೆಗೆಯಿರಿ. ತಳದ ತೂತಿಗೆ ಒಂದು ಕಡ್ಡಿ ಹಾಕಿ ಬಿಡಿಸಿ. ತೂತೇ ಇಲ್ಲದ ಚಂದದ ಕುಂಡಗಳು ಈಗ ಬಹಳ ಸಿಗುತ್ತವೆ. ಅವನ್ನು ಹೊರಗವಚವಾಗಿ ಮಾತ್ರ ಬಳಸಿ, ಒಳಗೆ ತೂತಿರುವ ಕುಂಡವೇ ಇರಲಿ.

10 ದಿನ ಕಳೆದರೂ ಹಳದಿ ಹೆಚ್ಚುತ್ತಿದ್ದರೆ ಬೇರು ನೋಡಲೇಬೇಕು. ಕೊಳೆತದ್ದನ್ನು ಸ್ವಚ್ಛ ಕತ್ತರಿಯಿಂದ ಕತ್ತರಿಸಿ, ಹೊಸ ಮಣ್ಣಿಗೆ, ಒಂದು ಅಳತೆ ಚಿಕ್ಕ ಕುಂಡಕ್ಕೆ ಹಾಕಿ. ದೊಡ್ಡ ಕುಂಡದಲ್ಲಿ ಬೇರಿಲ್ಲದ ಕಡೆಯ ಮಣ್ಣು ದಿನಗಟ್ಟಲೆ ಹಸಿ ಇರುತ್ತದೆ, ಕೊಳೆತ ಮತ್ತೆ ಶುರುವಾಗುತ್ತದೆ.

ಮಣ್ಣಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಹೊಲದ ಎರೆ ಮಣ್ಣು ತೊಗರಿಗೆ, ಬಿಳಿಜೋಳಕ್ಕೆ ತಾಯಿಯಿದ್ದಂತೆ. ಅದರ ನೀರು ಹಿಡಿಯುವ ಗುಣದಿಂದಲೇ ಹಿಂಗಾರಿ ಜೋಳ ಮಳೆ ನಿಂತ ಮೇಲೂ ಬೆಳೆಯುತ್ತದೆ. ಅದೇ ಗುಣ ನೆರಳಿನ ಕುಂಡಕ್ಕೆ ಕುತ್ತು. ಹಸಿಯಾದಾಗ ಉಬ್ಬಿ ಗಾಳಿಯ ದಾರಿ ಮುಚ್ಚುತ್ತದೆ, ಒಣಗಿದಾಗ ಕುಗ್ಗಿ ಬೇರು ಹರಿಯುತ್ತದೆ. ನಾನು ಬಳಸುವ ಅಳತೆ: ಮಸಾರಿ ಅಥವಾ ಕೆಂಪು ಮಣ್ಣು 2 ಪಾಲು, ತೆಂಗಿನ ನಾರಿನ ಪುಡಿ 2 ಪಾಲು, ಎರೆಹುಳು ಗೊಬ್ಬರ 1 ಪಾಲು, ದಪ್ಪ ಉಸುಕು 1 ಪಾಲು. ಬೀದರಿನವರಿಗೆ ಜಂಬಿಟ್ಟಿಗೆ ನೆಲದ ಕೆಂಪು ಮಣ್ಣು ಮನೆ ಬಾಗಿಲಲ್ಲೇ ಇದೆ, ಅವರ ಪುಣ್ಯ. ನಾರಿನ ಪುಡಿಯ ಇಟ್ಟಿಗೆ ನೆನೆಸಿದ ಮೊದಲ ನೀರನ್ನು ಹಿಂಡಿ ಚೆಲ್ಲಿ, ಅದರಲ್ಲಿ ಉಪ್ಪಿರುತ್ತದೆ. ತಳಕ್ಕೆ ಜಲ್ಲಿ ತುಂಬುವುದು ಬೇಡ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಇನ್ನೊಂದು. ಮಣ್ಣು ಹಸಿಯಿಲ್ಲ, ನೀರಿನ ಲೆಕ್ಕ ಸರಿಯಿದೆ, ಆದರೂ ಹಳೇ ಎಲೆಗಳು ಒಂದೊಂದಾಗಿ ಪೂರ್ತಿ ಹಳದಿಯಾಗುತ್ತಿದ್ದರೆ ಅದು ಹಸಿವು. ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಕೊಡಿ.

ಹೊಸ ಎಲೆ ಹಳದಿ, ನರಗಳು ಮಾತ್ರ ಹಸಿರು

ಈಗ ತುದಿಯ ಎಳೆ ಎಲೆ ನೋಡಿ. ನರಗಳು ಹಸಿರು ಬಲೆಯಂತೆ ಉಳಿದು, ನಡುವಿನ ಭಾಗ ಹಳದಿ ಅಥವಾ ಬಿಳಿಚಿದೆಯೇ? ಇದು ಕಬ್ಬಿಣದ ಕೊರತೆಯ ಗುರುತು. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ. ಸುಣ್ಣ ಜಾಸ್ತಿಯಾಗಿ ಮಣ್ಣು ಕ್ಷಾರವಾದಾಗ ಬೇರಿಗೆ ಅದು ಸಿಗುವುದಿಲ್ಲ.

ಸುಣ್ಣ ಎಲ್ಲಿಂದ ಬಂತು ಎಂದು ಬಹಳ ಹುಡುಕಬೇಕಿಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದಡಿ ಇರುವುದೇ ಸುಣ್ಣಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸಿದ ಫರ್ಸಿಯೂ ಅದೇ, ಅಲ್ಲಿನ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಎರೆ ಮಣ್ಣಿನಲ್ಲೂ ಸುಣ್ಣದ ಹರಳುಗಳಿರುತ್ತವೆ. ಇಂಥ ನೆಲದಿಂದ ಎತ್ತಿದ ಬೋರ್ ನೀರನ್ನು ವರ್ಷಗಟ್ಟಲೆ ಅದೇ ಕುಂಡಕ್ಕೆ ಹಾಕಿದರೆ ಸುಣ್ಣ ಅಲ್ಲೇ ಕೂಡುತ್ತಾ ಹೋಗುತ್ತದೆ.

ನಿಮ್ಮ ನೀರನ್ನು ಮನೆಯಲ್ಲೇ ನೋಡಬಹುದು. ಸ್ಟೀಲ್ ತಾಟಿನ ಮೇಲೆ ಒಂದು ಚಮಚ ನೀರು ಬಿಟ್ಟು ಒಣಗಲು ಬಿಡಿ. ದಪ್ಪ ಬಿಳಿ ಕಲೆ ಉಳಿದರೆ ಗಡಸು ನೀರು. ಇನ್ನೂ ಖಾತ್ರಿ ಬೇಕೆಂದರೆ ಕುಂಡದ ಅಂಚಿಗೆ ಕಟ್ಟಿದ ಬಿಳಿ ಪೊರೆಯ ಮೇಲೆ ನಿಂಬೆರಸ ಹಿಂಡಿ, ಕಣ್ಣು ಹತ್ತಿರ ತಂದು ನೋಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣ.

ಪರಿಹಾರದಲ್ಲಿ ಅಗ್ಗದ್ದು ಮಳೆ ನೀರು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಾಳಿಗೆಯ ಪೈಪಿಗೆ ಬಕೆಟ್ ಹಿಡಿಯಿರಿ, ಮೊದಲ ಮಳೆಯ ಕೊಳಕು ನೀರು ಬಿಟ್ಟು. ಒಂದು ಸಲ ಕುಂಡದ ಅಳತೆಯ ಮೂರು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿದರೆ ಕೂಡಿಕೊಂಡ ಉಪ್ಪು ಬಹಳಷ್ಟು ತೊಳೆದುಹೋಗುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು, ಸುಣ್ಣ ಇರುವುದಿಲ್ಲ, ಅದನ್ನು ಹಿಡಿದಿಟ್ಟು ಹಾಕಬಹುದು.

ಎರಡು ನೀರು ಮಾತ್ರ ಹಾಕಲೇಬೇಡಿ. ಒಂದು, ಆರ್‌ಒ ಯಂತ್ರ ಹೊರಗೆ ಬಿಡುವ ನೀರು. ಎರಡು, ಕೂಲರಿನ ತೊಟ್ಟಿಯಲ್ಲಿ ಉಳಿದ ನೀರು. ನಮ್ಮ ಊರಲ್ಲಿ ಕೂಲರಿಲ್ಲದ ಮನೆ ಕಡಿಮೆ, ನೀರು ಚೆಲ್ಲಲು ಮನಸ್ಸು ಬಾರದೆ ಅದನ್ನು ಕುಂಡಕ್ಕೆ ಹಾಕುವವರು ಬಹಳ. ಕೂಲರಿನಲ್ಲಿ ನೀರು ಆವಿಯಾಗುತ್ತದೆ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಹುಲ್ಲಿನ ಪ್ಯಾಡಿನ ಮೇಲೆ ಕಟ್ಟಿದ ಬಿಳಿ ಗಟ್ಟಿ ನೋಡಿದ್ದೀರಲ್ವಾ, ಅದೇ ನಿಮ್ಮ ಗಿಡದ ಬೇರಿಗೂ ಹೋಗುತ್ತದೆ. ಒರೆಸಲು, ಪಾಯಖಾನೆಗೆ ಅದು ಬಳಕೆಯಾಗಲಿ.

ಇಷ್ಟಾದರೂ ಹೊಸ ಎಲೆ ಬಿಳಿಚುತ್ತಿದ್ದರೆ ಗೊಬ್ಬರದ ಅಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣ, ಅಂದರೆ ಬೇರಿಗೆ ಸಿಗುವ ಹಾಗೆ ತಯಾರಿಸಿದ ಕಬ್ಬಿಣ, ಕೇಳಿ. ಸುಣ್ಣದ ಮಣ್ಣಿಗೆ ಪೊಟ್ಟಣದ ಮೇಲೆ ಇಡಿಡಿಎಚ್‌ಎ (EDDHA) ಎಂದಿರುವ ನಮೂನೆಯದು ಒಗ್ಗುತ್ತದೆ. ಪೊಟ್ಟಣದ ಮೇಲಿನ ಅಳತೆ ಮೀರಬೇಡಿ. ತುಕ್ಕು ಹಿಡಿದ ಮೊಳೆ ಹೂಳುವುದರಿಂದ ಏನೂ ಆಗದು, ಆ ತುಕ್ಕೂ ಸುಣ್ಣದ ಮಣ್ಣಿನಲ್ಲಿ ಕರಗದೆ ಉಳಿಯುತ್ತದೆ.

ಎಲೆಯ ತುದಿ, ಅಂಚು ಸುಟ್ಟಂತೆ ಕಂದು

ಕಲೆ ಎಲ್ಲಿದೆ ಎಂಬುದರ ಮೇಲೆ ಕಾರಣ ಹೇಳಬಹುದು. ತುದಿ ಮಾತ್ರ ಕಂದಾಗಿದ್ದರೆ ಉಪ್ಪಿನ ನೀರು ಅಥವಾ ಒಣ ಗಾಳಿ. ಈ ಭಾಗದ ಕೆಲವು ಬೋರ್‌ಗಳಲ್ಲಿ ಫ್ಲೋರೈಡ್ ಕೂಡ ಇದೆ, ಸ್ಪೈಡರ್ ಪ್ಲಾಂಟ್ ಮತ್ತು ಡ್ರಸೀನಾ ಅದನ್ನು ತಾಳಿಕೊಳ್ಳುವುದಿಲ್ಲ. ಅವಕ್ಕೆ ಮಳೆ ನೀರು, ಏಸಿ ನೀರೇ ಇರಲಿ.

ಎಲೆಯ ನಡುವೆ ದೊಡ್ಡ ಒಣ ಮಚ್ಚೆ, ಅದೂ ಒಂದೇ ಬದಿಯಲ್ಲಿ ಇದ್ದರೆ ಸಂಜೆ ಬಿಸಿಲು ತಾಗಿದೆ. ಮೊದಲು ಹೇಳಿದ ಮೇ ತಿಂಗಳ ಓರೆ ಬಿಸಿಲು ಇದೇ. ಕುಂಡವನ್ನು ಎರಡು ಅಡಿ ಒಳಕ್ಕೆ ಸರಿಸಿ ಅಥವಾ ಹಳೇ ಸೀರೆ ಕಟ್ಟಿ.

ನೇರ ಬಿಸಿಲು ಇಲ್ಲದೆಯೂ ಸುಡಬಹುದು. ಫರ್ಸಿ ಕಲ್ಲು ಹಗಲು ಕಾದರೆ ರಾತ್ರಿ ಬಹಳ ಹೊತ್ತಿನ ತನಕ ಕಾವು ಬಿಡುತ್ತದೆ. ಸಂಜೆ 7ಕ್ಕೆ ಬರಿಗಾಲಲ್ಲಿ ಬಾಲ್ಕನಿಗೆ ಹೋಗಿ ನಿಲ್ಲಿ. ಕಾಲಿಗೆ ತಡೆಯದಿದ್ದರೆ ಬೇರಿಗೂ ತಡೆಯುವುದಿಲ್ಲ. ಕುಂಡದ ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಏಸಿಯ ಹೊರಗಿನ ಪೆಟ್ಟಿಗೆ ಬಿಸಿ ಗಾಳಿ ಉಗುಳುವ ದಿಕ್ಕಿನಲ್ಲಿ ಯಾವ ಗಿಡವೂ ಬೇಡ.

ಕಂದಾದ ತುದಿ ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆ ಚೆನ್ನಾಗಿ ಬರುತ್ತಿದೆಯೇ ಎಂಬುದನ್ನೇ ನೋಡಿ.

ಗಿಡ ಉದ್ದ, ಸಪೂರ, ಎಲೆ ದೂರ ದೂರ, ಹೂವಿಲ್ಲ

ಇದೊಂದು ಮಾತ್ರ ನಿಜವಾಗಿ ನೆರಳಿನ ತೊಂದರೆ. ಗಿಡ ಬೆಳಕಿನ ಕಡೆ ವಾಲುತ್ತದೆ, ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ, ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗುತ್ತದೆ. ಗೊಬ್ಬರ ಹಾಕಿದರೆ ಇನ್ನಷ್ಟು ಸಪೂರ ಎಳೆಯುತ್ತದೆ. ಮೊದಲು ಎಲೆಯ ಧೂಳು ಒರೆಸಿ. ನಮ್ಮ ಊರಿನ ಧೂಳೇ ಅರ್ಧ ಬೆಳಕು ತಿನ್ನುತ್ತದೆ. ಕುಂಡವನ್ನು ಕಂಬಿಯ ಹತ್ತಿರ ಸರಿಸಿ, ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ. ಸಾಧ್ಯವಿದ್ದರೆ ಹಿಂದಿನ ಗೋಡೆಗೆ ಬಿಳಿ ಸುಣ್ಣ ಹೊಡೆಸಿ. ನಮ್ಮಲ್ಲಿ ಕಡುಹಸಿರು ಗೋಡೆ ಬಿಳಿಯಾದ ಮೇಲೆ ಹಾಳೆಯ ಮೇಲೆ ಬೀಳದಿದ್ದ ನೆರಳು ಬೀಳತೊಡಗಿತು.

ಇದಕ್ಕೂ ಬಗ್ಗದಿದ್ದರೆ ಗಿಡದ ಆಯ್ಕೆಯೇ ತಪ್ಪಿದೆ. ಗುಲಾಬಿ, ಮಲ್ಲಿಗೆ, ದಾಸವಾಳ, ಮೆಣಸಿನಕಾಯಿ, ಟೊಮೆಟೊ ಇವಕ್ಕೆಲ್ಲ ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕು. ನೆರಳಲ್ಲಿ ಅವನ್ನು ಹಿಂಸಿಸುವುದು ಬೇಡ. ಕೈನೆರಳು ಬೀಳದ ಮೂಲೆಗೆ ಸ್ನೇಕ್ ಪ್ಲಾಂಟ್, ಝಡ್‌ಝಡ್ ಗಿಡ. ಮಸುಕು ನೆರಳಿದ್ದರೆ ಮನಿ ಪ್ಲಾಂಟ್, ಸಿಂಗೋನಿಯಂ, ಅಗ್ಲೋನಿಮಾ, ಅರೆಕಾ ಪಾಮ್, ಪೀಸ್ ಲಿಲಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವೀಳ್ಯದೆಲೆ ಬಳ್ಳಿ. ತೋಟದಲ್ಲೂ ಅದನ್ನು ಮರದ ನೆರಳಲ್ಲೇ ಬೆಳೆಸುತ್ತಾರೆ. ಬಾಲ್ಕನಿಯಲ್ಲಿ ಒಂದು ಕೋಲು ನಿಲ್ಲಿಸಿದರೆ ಹಬ್ಬುತ್ತದೆ, ಊಟವಾದ ಮೇಲೆ ಕೈ ಚಾಚಿ ಎರಡು ಎಲೆ ಕಿತ್ತುಕೊಳ್ಳಬಹುದು. ಮುಂಜಾನೆ ಎರಡು ಮೂರು ಗಂಟೆ ಬಿಸಿಲು ಸಿಗುವ ಕಡೆ ಪುದೀನ, ದೊಡ್ಡಪತ್ರೆ, ಪಾಲಕ್, ಚಳಿಗಾಲದಲ್ಲಿ ಕೊತ್ತಂಬರಿ, ಮೆಂತ್ಯ ಬರುತ್ತವೆ.

ತುಳಸಿಯ ಮಾತು ಬೇರೆ. ತುಳಸಿ ಒಣಗಿದರೆ ಮನೆಗೆ ಒಳ್ಳೆಯದಲ್ಲ ಎಂದು ಹೆದರುವ ಹಿರಿಯರಿದ್ದಾರೆ. ಅದಕ್ಕೆ ಬಿಸಿಲು ಸಾಲಲಿಲ್ಲ, ಅಷ್ಟೇ. ನಮ್ಮ ಅವ್ವ ಎರಡು ಕುಂಡ ಇಟ್ಟಿದ್ದಾಳೆ. ಒಂದು ಮಾಳಿಗೆ ಮೇಲೆ, ಒಂದು ಬಾಲ್ಕನಿಯಲ್ಲಿ. ಪ್ರತಿ ಸೋಮವಾರ ಅದಲು ಬದಲು. ಎರಡೂ ಚೆನ್ನಾಗಿವೆ.

ನೀರು ಹಾಕಿದ ತಕ್ಷಣ ತಳದಿಂದ ಸುರಿಯುತ್ತದೆ, ಗಿಡ ಬಾಡೇ ಇರುತ್ತದೆ

ಮಣ್ಣು ಪೂರ್ತಿ ಒಣಗಿ ಕುಂಡದ ಗೋಡೆ ಬಿಟ್ಟಿದೆ, ನೀರು ಆ ಸಂದಿನಿಂದ ಇಳಿದು ಹೋಗುತ್ತಿದೆ. ಕುಂಡವನ್ನು ಅರ್ಧ ಬಕೆಟ್ ನೀರಿನಲ್ಲಿ 30 ನಿಮಿಷ ಕೂರಿಸಿ, ಎತ್ತಿ ಬಸಿಯಲು ಬಿಡಿ. ತಿಂಗಳೊಳಗೆ ಮತ್ತೆ ಹಾಗಾದರೆ ಮಣ್ಣು ಬದಲಿಸಿ.

ಅಂಟು, ಬಿಳಿ ಹತ್ತಿ, ಎಲೆ ಕೆಳಗೆ ಸಣ್ಣ ಬಲೆ

ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಮುದ್ದೆ ಇದ್ದರೆ ಹಿಟ್ಟು ತಿಗಣೆ. ಎಲೆ ಮಸುಕಾಗಿ ಸೂಜಿ ಚುಚ್ಚಿದಂತೆ ಚುಕ್ಕಿ ಬಿದ್ದಿದ್ದರೆ ಬಿಳಿ ಹಾಳೆಯ ಮೇಲೆ ಎಲೆ ತಟ್ಟಿ. ಬಿದ್ದ ಚುಕ್ಕಿಗಳು ನಡೆದಾಡಿದರೆ ಅದು ನುಸಿ. ಮಾರ್ಚ್‌ನಿಂದ ಮೇ ತನಕ ಒಣ ಸೆಕೆಯಲ್ಲಿ ಅದರ ಕಾಟ ಜಾಸ್ತಿ.

ಮೊದಲು ಆ ಕುಂಡವನ್ನು ಬೇರೆ ಇಡಿ. ನುಸಿಗೆ ಮೂರು ದಿನಕ್ಕೊಮ್ಮೆ ಎಲೆಯ ಕೆಳಬದಿ ನೀರಿನಿಂದ ಜೋರಾಗಿ ತೊಳೆದರೆ ಹೆಚ್ಚಿನ ಸಲ ಅಷ್ಟೇ ಸಾಕು. ತಿಗಣೆಯನ್ನು ಹಳೇ ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ಆಗಲೂ ಹೋಗದಿದ್ದರೆ 1 ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ. ಒಂದೇ ಎಲೆಗೆ ಹಾಕಿ ಎರಡು ದಿನ ನೋಡಿ. ಸುಡದಿದ್ದರೆ ಸಂಜೆ ಹೊತ್ತು ಇಡೀ ಗಿಡಕ್ಕೆ, ವಾರಕ್ಕೊಮ್ಮೆ ಮೂರು ವಾರ.

ಇಲ್ಲಿ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಊರಲ್ಲಿ ಹೊಲ ಇರುವವರ ಮನೆಯಲ್ಲಿ ಹತ್ತಿಗೆ, ತೊಗರಿಗೆ ಹೊಡೆದು ಉಳಿದ ಔಷಧಿ ಬಾಟಲಿ ಇರುತ್ತದೆ. ಅದನ್ನು ಬಾಲ್ಕನಿಗೆ ತರಬೇಡಿ. ಅದು ಬಯಲಿನಲ್ಲಿ ಹೊಡೆಯುವ ವಿಷ. ಬಾಲ್ಕನಿಯ ಬಾಗಿಲು ಅಡುಗೆಮನೆಗೋ ಮಲಗುವ ಕೋಣೆಗೋ ತೆರೆಯುತ್ತದೆ. ಪುದೀನ, ದೊಡ್ಡಪತ್ರೆಯ ಎಲೆಯನ್ನು ಮಕ್ಕಳು ಕಿತ್ತು ಹಾಗೇ ಬಾಯಿಗೆ ಹಾಕುತ್ತಾರೆ. ಯಾರಾದರೂ ಅಂಥದ್ದನ್ನು ಕುಡಿದರೆ ಅಥವಾ ಹೊಡೆದ ಮೇಲೆ ತಲೆ ಸುತ್ತು, ವಾಂತಿ, ಬೆವರು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಬಾಟಲಿಯನ್ನೂ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.

ಮನಿ ಪ್ಲಾಂಟ್, ಸಿಂಗೋನಿಯಂ, ಅಗ್ಲೋನಿಮಾ, ಡೈಫೆನ್‌ಬಾಕಿಯಾ ಎಲೆಗಳಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಮಗು ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಬಾಯಿ ತೊಳೆಸಿ, ತಣ್ಣೀರು ಕುಡಿಸಿ. ಉಸಿರಾಟಕ್ಕೆ ಕಷ್ಟವಾದರೆ ತಡ ಮಾಡದೆ ವೈದ್ಯರ ಬಳಿ ಓಡಿ.

ಮಣ್ಣಿನ ಮೇಲೆ ಸಣ್ಣ ಕರಿ ನೊಣ, ತಟ್ಟೆಯಲ್ಲಿ ಹುಳು

ಕರಿ ನೊಣ ಎಂದರೆ ಮೇಲ್ಮಣ್ಣು ಸದಾ ಹಸಿ ಎಂದರ್ಥ. ಎರಡು ಇಂಚು ಒಣಗಲು ಬಿಟ್ಟರೆ ಎರಡು ಮೂರು ವಾರದಲ್ಲಿ ಕಡಿಮೆಯಾಗುತ್ತವೆ. ಅಕ್ಕಿ, ಬೇಳೆ ತೊಳೆದ ನೀರನ್ನು ದಿನಾ ಹಾಕುವುದು ನಿಲ್ಲಿಸಿ, ನೆರಳಲ್ಲಿ ಅದು ಹುಳಿಯಾಗಿ ನೊಣ ಕರೆಯುತ್ತದೆ. ತಟ್ಟೆಯ ನೀರಿನಲ್ಲಿ ಕುಣಿಯುವ ಹುಳು ಸೊಳ್ಳೆಯ ಮರಿ. ಡೆಂಗಿ ಹರಡುವ ಸೊಳ್ಳೆ ಇಂಥ ಸ್ವಚ್ಛ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಆ ಮೊಟ್ಟೆ ಸುಮಾರು 7ರಿಂದ 10 ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ತಟ್ಟೆಯನ್ನು ವಾರಕ್ಕೆರಡು ಸಲ ಚೆಲ್ಲಿ, ಒಳಬದಿ ಉಜ್ಜಿ ತೊಳೆಯಿರಿ. ನಳದ ನೀರು ದಿನ ಬಿಟ್ಟು ಬರುವ ಓಣಿಗಳಲ್ಲಿ ತುಂಬಿಟ್ಟ ಡ್ರಮ್ಮಿಗೂ ಇದೇ ಲೆಕ್ಕ, ಮುಚ್ಚಳ ಇರಲಿ.

ನೆಲದಲ್ಲಿ ತೇವ, ಬಿರುಕು, ಕುಂಡ ಅಲುಗಾಟ

ಇದು ಗಿಡದ ದೋಷವಲ್ಲ, ಆದರೆ ಇದನ್ನೇ ಮೊದಲು ಸರಿಪಡಿಸಬೇಕು. 12 ಇಂಚಿನ ಒಂದು ಕುಂಡ ಹಸಿಯಾದಾಗ 20ರಿಂದ 25 ಕಿಲೋ ತೂಗುತ್ತದೆ. ಅಂಥವನ್ನು ಹೊರತುದಿಯಲ್ಲಿ ಸಾಲಾಗಿ ಜೋಡಿಸಬೇಡಿ, ಗೋಡೆಯ ಬುಡದಲ್ಲಿಡಿ. ಬಾಲ್ಕನಿಯ ಕಟ್ಟೆ ಮೇಲೆ ಬಿಡಿ ಕುಂಡ ಬೇಡವೇ ಬೇಡ. ಮುಂಗಾರು ಮುಂಚಿನ ಒಂದೇ ಬಿರುಗಾಳಿ ಸಾಕು, ಕೆಳಗೆ ಆಡುವ ಮಕ್ಕಳಿರುತ್ತಾರೆ. ಕೆಳಮನೆಯ ಚಾವಣಿಯಲ್ಲಿ ತೇವದ ಮಚ್ಚೆ, ಉದುರುವ ಸಿಮೆಂಟ್, ತುಕ್ಕು ಕಂಡರೆ ಕುಂಡಗಳನ್ನೆಲ್ಲ ಒಳಗಿಟ್ಟು ಎಂಜಿನಿಯರ್ ಒಬ್ಬರಿಗೆ ತೋರಿಸಿ. ಕೂಲರ್ ಪಕ್ಕದ ಕುಂಡಕ್ಕೆ ನೀರು ಹಾಕುವ ಮುಂಚೆ ಪ್ಲಗ್ ತೆಗೆಯಿರಿ.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಕಾಂಡದ ಬುಡ ಒತ್ತಿದರೆ ಮೆತ್ತಗಾಗಿ ನೀರು ಬಂದರೆ ಆ ಗಿಡ ಉಳಿಯುವುದಿಲ್ಲ. ಮೇಲಿನ ಗಟ್ಟಿ ಟೊಂಗೆಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನ ಗ್ಲಾಸಿನಲ್ಲಿಡಿ. ಎದುರು ಮನೆ ಅಕ್ಕನ ಮನಿ ಪ್ಲಾಂಟ್ ಹಾಗೇ ಉಳಿಯಿತು. ಬೇರಿನಲ್ಲಿ ಗಂಟು ಗಂಟು ಕಂಡರೆ ಬೇರಿನ ಜಂತುಹುಳು (ನೆಮಟೋಡ್) ಇರಬಹುದು, ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ.

ಒಂದೇ ಲಕ್ಷಣ ನಾಲ್ಕೈದು ಬಗೆಯ ಗಿಡಗಳಿಗೆ ಒಟ್ಟಿಗೆ ಬಂದರೆ, ಅಥವಾ ಮೇಲಿನದೆಲ್ಲ ಮಾಡಿ ಒಂದು ತಿಂಗಳಾದರೂ ಹೊಸ ಎಲೆ ಸರಿ ಬರದಿದ್ದರೆ ತಿಳಿದವರಿಗೆ ತೋರಿಸಿ. ಬೀದರಿನಲ್ಲಿ ತೋಟಗಾರಿಕೆ ಕಾಲೇಜು ಇದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹೋಗುವಾಗ ಹಳೇ ಎಲೆ ಒಂದು, ಹೊಸ ಎಲೆ ಒಂದು, ಒಂದಿಷ್ಟು ಬೇರು, ಕುಂಡದ ನಡುವಿನಿಂದ ಎರಡು ಹಿಡಿ ಮಣ್ಣು ಬೇರೆ ಬೇರೆ ಚೀಲದಲ್ಲಿ ಕಟ್ಟಿಕೊಳ್ಳಿ. ಗಿಡ ಇರುವ ಜಾಗದ ಫೋಟೊ ಮಧ್ಯಾಹ್ನದ್ದೊಂದು, ಸಂಜೆಯದೊಂದು ಇರಲಿ. ದಿನಾ ಹಾಕುವ ನೀರನ್ನೂ ಒಂದು ತೊಳೆದ ಬಾಟಲಿಯಲ್ಲಿ ತುಂಬಿಕೊಂಡು ಹೋಗಿ, ಅದನ್ನು ಕೇಳದಿದ್ದರೂ ನೀವೇ ತೋರಿಸಿ.